ನಾನೇ ಬಿಟ್ಟೆ ಅಂದ ಮೇಲೆ

ನನ್ನನ್ನು ಕೆಲಸದಿಂದ ತೆಗೆದ ದಿನ ನಾನು ಅಳಲಿಲ್ಲ. ಅಂಗಡಿಯಲ್ಲೇ, ಎಲ್ಲರ ಎದುರಿಗೇ ಗೊಳೋ ಅಂತ ಅತ್ತುಬಿಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು ಅಂತ ಆಮೇಲೆ ಬಹಳ ಸಲ ಅನ್ನಿಸಿದೆ. ನಾನು ನಕ್ಕೆ. ನಕ್ಕ ತಪ್ಪಿಗೆ ಎಂಟು ತಿಂಗಳು ಊರೂರು ಅಲೆದೆ.

ಚನ್ನಗಿರಿಯ ಜವಳಿ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಸೀರೆ ತೋರಿಸುವ ಕೆಲಸ ಮಾಡಿದವಳು ನಾನು. ಮದುವೆ ಜವಳಿಗೆ ಹೆಸರಾದ ಅಂಗಡಿ. ಹೊನ್ನಾಳಿ, ನ್ಯಾಮತಿ, ಸಾಸ್ವೆಹಳ್ಳಿ ಕಡೆಯಿಂದ ಜನ ಟೆಂಪೋ ಮಾಡಿಕೊಂಡು ಬರುತ್ತಿದ್ದರು. ಒಂದು ಮದುವೆಗೆ ಹದಿನೈದು ಹೆಂಗಸರು, ಹದಿನೈದು ಅಭಿಪ್ರಾಯ. ಅಷ್ಟೂ ಜನರನ್ನು ಒಂದು ಬಣ್ಣಕ್ಕೆ ಒಪ್ಪಿಸುವುದು ನನ್ನ ಕಸುಬು. ಬೀಗಿತಿಗೆ ಯಾವ ಸೀರೆ ಮೊದಲು ತೋರಿಸಬೇಕು, ಮದುಮಗಳ ಅತ್ತಿಗೆ ಯಾವಾಗ ಮುಖ ಊದಿಸಿಕೊಳ್ಳುತ್ತಾಳೆ, ಎಲ್ಲವೂ ಮುಖ ನೋಡಿದರೆ ನನಗೆ ತಿಳಿಯುತ್ತಿತ್ತು. ಜಂಬ ಅಂದುಕೊಂಡರೂ ಪರವಾಗಿಲ್ಲ, ಆ ಸುತ್ತಿನ ಎಷ್ಟೋ ಮದುಮಕ್ಕಳ ಧಾರೆ ಸೀರೆ ಮೊದಲು ಬಿದ್ದಿದ್ದು ನನ್ನ ಹೆಗಲ ಮೇಲೆ.

ನಾನು ಸೇರಿದಾಗ ಅಂಗಡಿಯಲ್ಲಿ ಗಾದಿ ಹಾಸಿರುತ್ತಿದ್ದರು, ಮೇಲೆ ಬಿಳಿ ಬಟ್ಟೆ. ಗಿರಾಕಿಗಳೂ ನಾವೂ ಅದರ ಮೇಲೇ ಕೂತು ಸೀರೆ ಬಿಚ್ಚುತ್ತಿದ್ದೆವು. ಆಮೇಲೆ ಸಾವ್ಕಾರ್ರು ಅಂಗಡಿಯನ್ನು ಹೊಸದು ಮಾಡಿಸಿದರು. ಗಾಜಿನ ಕೌಂಟರ್, ಏಸಿ, ಮೂಲೆಮೂಲೆಗೆ ಕ್ಯಾಮೆರಾ. ಗಿರಾಕಿಗಳಿಗೆ ಮೆತ್ತನೆಯ ಕುರ್ಚಿ ಬಂತು, ನಮಗೆ ನಿಲ್ಲುವುದು ಬಂತು. ಬೆಳಿಗ್ಗೆ ಹತ್ತಕ್ಕೆ ನಿಂತರೆ ಶಟರ್ ಎಳೆಯುವ ತನಕ ನಿಂತೇ ಇರಬೇಕು. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರುವಂತಿಲ್ಲ. ಕೂತರೆ ಅಂಗಡಿಗೆ ವ್ಯಾಪಾರ ಇಲ್ಲದಂತೆ ಕಾಣುತ್ತದಂತೆ! ಸಾವ್ಕಾರ್ರು ಮನೆಯಲ್ಲಿ ಊಟ ಮಾಡುತ್ತಲೇ ಮೊಬೈಲಿನಲ್ಲಿ ಕ್ಯಾಮೆರಾ ನೋಡುತ್ತಿದ್ದರು. ಯಾರಾದರೂ ಗೋಡೆಗೆ ಬೆನ್ನು ಕೊಟ್ಟರೆ ಕ್ಯಾಶಿನಲ್ಲಿದ್ದವರಿಗೆ ಫೋನ್ ಬರುತ್ತಿತ್ತು.

ಅವರು ರಾಕ್ಷಸರೇನಲ್ಲ. ನನ್ನ ಮಗಳಿಗೆ ಡೆಂಗಿ ಆದಾಗ ತಮ್ಮ ಕಾರಿನಲ್ಲೇ ದಾವಣಗೆರೆಗೆ ಕಳಿಸಿದವರು. ದೀಪಾವಳಿಗೆ ಸೀರೆ ಕೊಡುವಾಗ "ನೀವೆಲ್ಲ ನಮ್ಮ ಮನೆಯವರಿದ್ದಂಗೆ" ಅನ್ನುತ್ತಿದ್ದರು. ಮನೆಯವರಿಗೆ ಯಾರೂ ನೇಮಕದ ಕಾಗದ ಕೊಡುವುದಿಲ್ಲವಲ್ಲ, ಹಾಗೆ ನಮಗೂ ಕೊಟ್ಟಿರಲಿಲ್ಲ.

ನನ್ನ ಪಕ್ಕದ ಕೌಂಟರಿನ ಹುಡುಗಿ ಆಗ ಆರು ತಿಂಗಳ ಬಸುರಿ. ಒಂದು ಸಂಜೆ ಅವಳ ಕಾಲು ಬಾತು ಚಪ್ಪಲಿಯೊಳಗೆ ಹೋಗದಂತಾಗಿತ್ತು. ಕೌಂಟರಿನ ಹಿಂದೆ ಬಟ್ಟೆಯ ಗಂಟೊಂದರ ಮೇಲೆ ಕೂತಳು. ಫೋನ್ ಬಂತು, ಎದ್ದಳು. ಮತ್ತೆ ಕೂತಳು. ಆ ಸಲ ಸಾವ್ಕಾರ್ರು ತಾವೇ ಬಂದರು. "ಏಳಮ್ಮ, ಜನ ನೋಡ್ತಾರೆ" ಅಂದರು. ಅವಳು ಕೌಂಟರ್ ಹಿಡಿದುಕೊಂಡು ಏಳಲು ಒದ್ದಾಡುವುದನ್ನು ನೋಡಿ ನನ್ನ ತಲೆ ಕೆಟ್ಟಿತು.

"ಸಾವ್ಕಾರ್ರೇ, ಅವ್ಳು ಕೂತ್ಕಂಡೇ ತೋರಿಸ್ಲಿ ಬಿಡ್ರಿ. ಕಾಲು ನೋಡ್ರಿ ಹೆಂಗೆ ಬಾತೈತೆ" ಅಂದೆ.

"ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಯಾರೂ ಕೇಳ್ಲಿಲ್ಲ. ಅದಕ್ಕೇ ನಾನೇ ಹೇಳ್ತಾ ಇರೋದು."

ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ಸಾವ್ಕಾರ್ರು ನನ್ನನ್ನು ಒಂದು ಗಳಿಗೆ ನೋಡಿದರು. "ನಾಳೆಯಿಂದ ನೀನು ಬರಬ್ಯಾಡ. ಮನೇಲಿ ಬೇಕಾದಷ್ಟು ಕೂತ್ಕೋ" ಅಂದು ಕ್ಯಾಶಿನ ಕಡೆ ಹೋದರು.

ನನ್ನ ಕೈಯಲ್ಲಿ ಅರ್ಧ ಬಿಚ್ಚಿದ ಸೀರೆ ಇತ್ತು. ಎದುರಿಗೆ ಹೊನ್ನಾಳಿಯ ರೈತರ ಮನೆಯ ಹೆಂಗಸೊಬ್ಬರು ಕೂತಿದ್ದರು, ಮಗಳ ಮದುವೆಗೆ ಜವಳಿ ತೆಗೆಯಲು ಬಂದವರು. ಅವರು ನನ್ನ ಮುಖ ನೋಡಿದರು. ಅಂಗಡಿಯೆಲ್ಲ ನನ್ನ ಮುಖ ನೋಡಿತು. ಆಗ ನಾನು ನಕ್ಕಿದ್ದು. "ನಾನೇ ಬಿಡ್ಬೇಕು ಅಂತಿದ್ದೆ ಕಣಕ್ಕಾ, ಕಾಲು ನೋವು ಜಾಸ್ತಿ ಆಗೈತೆ. ನೀವು ಈ ಅಂಚು ನೋಡ್ರಿ" ಅಂದೆ. ಆ ಸೀರೆ ಮಾರಿದೆ ಕೂಡ. ಮಡಚಿ, ಬಿಲ್ಲಿಗೆ ಕಳಿಸಿ, ಊಟದ ಡಬ್ಬಿ ತಗೊಂಡು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ದಿನಾ ಆ ಹೊತ್ತಿಗೆ ಜಗಳೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡುವ ರೂಢಿ. ಮಾಡದಿದ್ದರೆ ಅವರೇ ಮಾಡುತ್ತಾರೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಎರಡು ಸಲ ಕೆಮ್ಮಿ, ದನಿ ಸರಿಮಾಡಿಕೊಂಡು ಫೋನ್ ಮಾಡಿದೆ.

"ಅಪ್ಪ, ಕೆಲಸ ಬಿಟ್ಟೆ."

"ಯಾಕವ್ವ? ಏನಾಯ್ತು?"

"ಏನಿಲ್ಲ. ಸಾಕಾಯ್ತು. ನಾನೇ ಬಿಟ್ಟೆ."

ಅಪ್ಪ "ಭೇಷ್" ಅಂದರು. ನಮ್ಮಪ್ಪನಿಗೆ ಜಗಳೂರಿನಲ್ಲಿ ಸೈಕಲ್ ಶಾಪ್ ಇದೆ. ಒಂದು ದಿನವೂ ಇನ್ನೊಬ್ಬರ ಕೈಕೆಳಗೆ ದುಡಿದವರಲ್ಲ. ಅವರ ಲೆಕ್ಕದಲ್ಲಿ ಜನ ಎರಡೇ ಜಾತಿ, ಎದ್ದು ಬಂದವರು ಮತ್ತು ಎಬ್ಬಿಸಿ ಕಳಿಸಿದವರು. ನಾನು ಎಸ್ಸೆಸ್ಸೆಲ್ಸಿ ಫೇಲಾದಾಗ ಒಂದು ತಿಂಗಳು ನನ್ನ ಹತ್ತಿರ ಮಾತಾಡಿರಲಿಲ್ಲ. ಬೈದಿರಲಿಲ್ಲ, ಹೊಡೆದಿರಲಿಲ್ಲ, ಸುಮ್ಮನೆ ನನ್ನ ಕಡೆ ನೋಡದೆ ತಿರುಗಾಡಿದರು. ಅಂಥವರ ಬಾಯಿಂದ ಭೇಷ್ ಅಂತ ಬಂದಾಗ ನನಗೆ ಆದ ಸಂತೋಷ ಎಷ್ಟು ಅಂದರೆ, ನಾನೇ ನನ್ನ ಸುಳ್ಳನ್ನು ಅರ್ಧ ನಂಬಿದೆ.

ನಿಜ ಹೇಳಿದ್ದು ನನ್ನ ಗಂಡನಿಗೆ ಮಾತ್ರ. ಅವರು ಗೂಡ್ಸ್ ಆಟೋ ಓಡಿಸುತ್ತಾರೆ, ಮಾತು ಕಡಿಮೆ. "ಹೋಗ್ಲಿ ಬಿಡು" ಅಂದರು. ನನಗೆ ಬಿಡಲು ಆಗಲಿಲ್ಲ. ಮನೇಲಿ ಬೇಕಾದಷ್ಟು ಕೂತ್ಕೋ ಅಂದಿದ್ದರಲ್ಲ, ಕೂರಲೂ ಆಗಲಿಲ್ಲ. ಹತ್ತು ಗಂಟೆ ಆಗುತ್ತಿದ್ದಂತೆ ಕಾಲು ತಾವಾಗಿಯೇ ಬಾಗಿಲ ಕಡೆ ಹೋಗುತ್ತಿದ್ದವು. ಒಣಗಿದ ಟವೆಲ್ಲುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ. ನನಗೆ ಬೇರೆ ಏನೂ ಬೇಡವಾಗಿತ್ತು. ನನ್ನ ಕೆಲಸ ಬೇಕಿತ್ತು, ಅದೇ ಅಂಗಡಿಯಲ್ಲಿ, ಅದೇ ಕೌಂಟರಿನಲ್ಲಿ. ಎಲ್ಲರೆದುರಿಗೆ ಕಳಿಸಿದವರು ಎಲ್ಲರೆದುರಿಗೆ ಕರೆಯಬೇಕಿತ್ತು.

ಆದರೆ ಹೊರಗೆ ನನ್ನ ಬಾಯಿ ಬೇರೆಯೇ ರಾಗ ಹಾಡುತ್ತಿತ್ತು. ನ್ಯಾಮತಿಯಲ್ಲಿ ಅಕ್ಕನ ಹೊಸಮನೆಯ ಗೃಹಪ್ರವೇಶ ಆಯಿತು. ಪಂಕ್ತಿಯಲ್ಲಿ ಬಡಿಸುತ್ತಾ ಕೇಳಿದವರಿಗೆಲ್ಲ "ನಾನೇ ಬಿಟ್ಟೆ ಕಣ್ರೀ, ಎಷ್ಟು ದಿನ ಅಂತ ನಿಲ್ಲೋದು" ಅಂದೆ. ಹೇಳುತ್ತಾ ಹೇಳುತ್ತಾ ಕಥೆ ಬೆಳೆಯಿತು. ಸಾವ್ಕಾರ್ರು ಇರು ಇರು ಅಂದರಂತೆ, ನಾನೇ ಒಲ್ಲೆ ಅಂದೆನಂತೆ. ಭಾವ ಅದನ್ನು ಕೇಳಿಸಿಕೊಂಡು ಸಾಂಬಾರ್ ಬಕೆಟ್ ಹಿಡಿದು ನಗುತ್ತಾ ನಿಂತಿದ್ದರು. ಭಾವನಿಗೆ ನ್ಯಾಮತಿಯಲ್ಲಿ ಒಂದು ಪುಟ್ಟ ಬಟ್ಟೆ ಅಂಗಡಿ. ಮಾಲು ಬರುವುದು ನಮ್ಮ ಸಾವ್ಕಾರ್ರ ಹತ್ತಿರದಿಂದಲೇ, ಉದ್ದರಿಯಲ್ಲಿ.

ಬೇರೆ ಅಂಗಡಿಗಳಲ್ಲಿ ಕೆಲಸ ಕೇಳಿದೆ. "ಅಲ್ಲಿ ಯಾಕೆ ಬಿಟ್ರಿ?" ಅಂತ ಎಲ್ಲರದೂ ಒಂದೇ ಪ್ರಶ್ನೆ. "ನಾನೇ ಬಿಟ್ಟೆ" ಅಂದರೆ, ಮದುವೆ ಸೀಜನ್ನಿನಲ್ಲಿ ಬಿಟ್ಟು ಹೋಗುವವಳು ನಮಗೇಕೆ ಅನ್ನುವಂತೆ ನೋಡುತ್ತಿದ್ದರು. ಕೊನೆಗೆ ದಾರಿ ತೋರಿಸಿದವರು ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಅರ್ಜಿ ಟೈಪ್ ಮಾಡುವ ಹಿರಿಯರೊಬ್ಬರು. ಅವರ ಮಗಳ ಸೀಮಂತದ ಸೀರೆ ತೋರಿಸಿದ್ದೆ. ರೇಷನ್ ಕಾರ್ಡಿನ ಅರ್ಜಿಗೆ ಹೋದವಳನ್ನು ಗುರುತು ಹಿಡಿದು, ಉದ್ಯೋಗ ಅಂತ ಇರುವ ಕಡೆ ಏನು ಹಾಕಲಿ ಅಂತ ಕೇಳಿದರು. ನಾನು ಕೈಯಲ್ಲಿದ್ದ ಹಳೇ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಕೋರ್ಟ್ ಕಾಂಪೌಂಡ್ ಒಳಗೆ ಹೋಗವ್ವ. ಹೆಣ್ಮಕ್ಕಳಿಗೆ ಪುಕ್ಕಟೆ ವಕೀಲ್ರನ್ನ ಕೊಡ್ತಾರೆ" ಅಂದರು. ನಾನು ಏನೂ ಹೇಳಿರಲಿಲ್ಲ.

ವಕೀಲರು ಅಂದರೆ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ಕರಿಕೋಟು ಹಾಕಿಕೊಂಡು, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದರು. ಏನಾಯಿತು ಹೇಳಿ ಅಂದರು. ನಾನು ಹನ್ನೊಂದು ವರ್ಷದ ಕಥೆಯನ್ನೆಲ್ಲ ಹೇಳಿ, ಕೊನೆಗೆ ರೂಢಿಯಂತೆ "ಆಮೇಲೆ ನಾನೇ ಬಿಟ್ಟೆ" ಅಂದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ನೀವೇ ಬಿಟ್ಟಿದ್ರೆ ಇಲ್ಲಿಗ್ಯಾಕೆ ಬಂದ್ರಿ?"

ಎದ್ದು ಹೋಗಿಬಿಡೋಣ ಅನ್ನಿಸಿತು. ಆ ಹುಡುಗಿಯ ಎದುರಿಗೆ ಅದೊಂದು ಮಾತು ಆಡುವುದು ನನಗೆ ಸೀರೆ ಬಿಚ್ಚಿ ನಿಂತಷ್ಟು ಕಷ್ಟವಾಯಿತು. "ತೆಗೆದು ಹಾಕಿದ್ರು" ಅಂತ ಗೋಡೆ ನೋಡುತ್ತಾ ಹೇಳಿದೆ. ಅವರು ಹಿಂದಿನ ಸಾಲು ಹೊಡೆದು ಹಾಕಿ ಹೊಸದಾಗಿ ಬರೆದುಕೊಂಡರು. "ಇದನ್ನ ಇನ್ನೆಷ್ಟು ಜನಕ್ಕೆ ಉಲ್ಟಾ ಹೇಳೀರಿ?" ಅಂತ ಕೇಳಿದರು. ನಾನು ಲೆಕ್ಕ ಇಟ್ಟಿಲ್ಲ ಅಂದೆ.

ಅರ್ಜಿ ಹೋಯಿತು. ದಾವಣಗೆರೆಯ ಕಾರ್ಮಿಕ ಕಚೇರಿಯಿಂದ ಇಬ್ಬರಿಗೂ ನೋಟಿಸ್ ಬಂತು. ಮೊದಲ ದಿನ ಸಾವ್ಕಾರ್ರು ಒಂದು ಪುಟದ ಉತ್ತರ ತಂದಿದ್ದರು. ಈಕೆ ನಮ್ಮಲ್ಲಿ ದುಡಿದದ್ದು ನಿಜ, ಒಳ್ಳೆಯ ಕೆಲಸಗಾರ್ತಿ, ನಾವು ತೆಗೆದಿಲ್ಲ, ತಾನಾಗಿಯೇ ಬಿಟ್ಟಿದ್ದಾಳೆ, ಬೇಕಾದರೆ ಇವರನ್ನು ಕೇಳಿ ಅಂತ ಬರೆದು ಕೆಳಗೆ ಮೂರು ಹೆಸರು. ಒಂದು, ಅವತ್ತು ಎದುರಿಗೆ ಕೂತಿದ್ದ ಹೊನ್ನಾಳಿಯ ಅಕ್ಕ. ಎರಡು, ನ್ಯಾಮತಿಯ ನನ್ನ ಭಾವ. ಮೂರು, ನನ್ನ ಅಪ್ಪ. ಜಗಳೂರಿನ ಯಾವುದೋ ಗಿರಾಕಿಯ ಮನೆಯ ಮದುವೆಗೆ ಸಾವ್ಕಾರ್ರು ಹೋಗಿದ್ದಾರೆ. ಅಲ್ಲಿ ನಮ್ಮಪ್ಪ ಅವರನ್ನು ಹುಡುಕಿಕೊಂಡು ಹೋಗಿ, "ನನ್ ಮಗ್ಳು ನಿಮ್ಮ ಅಂಗಡಿ ಸಾಕು ಅಂತ ತಾನೇ ಬಿಟ್ಟು ಬಂದ್ಲು, ಅವ್ಳು ನನ್ನ ರಕ್ತ" ಅಂತ ಹತ್ತು ಜನರ ಮುಂದೆ ಹೇಳಿ ಬಂದಿದ್ದಾರೆ!

ನಾನು ನಗಬೇಕೋ ಅಳಬೇಕೋ ತಿಳಿಯದೆ ಮೇಜಿನ ಅಂಚು ಹಿಡಿದು ಕೂತೆ. ಸಾವ್ಕಾರ್ರು ಸುಳ್ಳು ಸಾಕ್ಷಿ ತಂದಿರಲಿಲ್ಲ. ಮೂರೂ ಸಾಕ್ಷಿಗಳನ್ನು ನಾನೇ ತಯಾರು ಮಾಡಿ ಕೊಟ್ಟಿದ್ದೆ.

ಹೊರಗೆ ಬಂದ ಮೇಲೆ ವಕೀಲರು ಬಿಡಿಸಿ ಹೇಳಿದರು. ಇದು ಕೋರ್ಟಲ್ಲ, ರಾಜಿ ಮಾಡಿಸುವ ಜಾಗ. ಇಲ್ಲಿ ಆಗದಿದ್ದರೆ ಕೋರ್ಟಿಗೆ ಹೋಗಬೇಕು, ಅಲ್ಲಿ ವರ್ಷಗಳೇ ಹಿಡಿಯಬಹುದು. ಅಂಗಡಿಯಲ್ಲಿ ಕೆಲಸ ಮಾಡುವ ಯಾರೂ ಬಾಯಿ ಬಿಡುವುದಿಲ್ಲ. ಆ ಬಸುರಿ ಹುಡುಗಿ ಬಾಣಂತನಕ್ಕೆ ತವರಿಗೆ ಹೋದವಳು ಫೋನ್ ಎತ್ತುತ್ತಿರಲಿಲ್ಲ. ಅವಳಿಗೆ ವಾಪಸು ಕೆಲಸಕ್ಕೆ ಬರಬೇಕಲ್ಲ, ನಾನು ಅವಳನ್ನು ದೂರಲಿಲ್ಲ. "ಈ ಮೂರು ಜನರ ಹತ್ರ ಹೋಗ್ರಿ. ಹಿಂಗೆ ಹೇಳ್ರಿ ಅಂತ ಹೇಳಿಕೊಡಬ್ಯಾಡ್ರಿ. ನೀವು ನಿಜ ಹೇಳ್ರಿ, ಅಷ್ಟೇ" ಅಂದರು. ಅಷ್ಟೇ ಅನ್ನುವಾಗ ಅವರ ಮುಖದಲ್ಲಿ ಸ್ವಲ್ಪವೂ ಕನಿಕರ ಇರಲಿಲ್ಲ. ನನಗೆ ಅದೇ ಹಿತವಾಯಿತು.

ಮೊದಲು ಹೊನ್ನಾಳಿ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಕೂರಲಾರದೆ ಸಾಸ್ವೆಹಳ್ಳಿಯಲ್ಲೇ ಎದ್ದು ಬಾಗಿಲ ಹತ್ತಿರ ನಿಂತೆ. ಇನ್ನೂ ದೂರ ಐತೆ ಕೂತ್ಕಳಮ್ಮ ಅಂತ ಕಂಡಕ್ಟರ್ ಎರಡು ಸಲ ಬೈದ. ಆ ಅಕ್ಕ ನನ್ನನ್ನು ಒಳಗೆ ಕರೆದು ಮಂಡಕ್ಕಿ ಮೆಣಸಿನಕಾಯಿ ಕೊಟ್ಟರು, ಮಗಳ ಮದುವೆಯ ಆಲ್ಬಮ್ ತೋರಿಸಿದರು. ನಾನು ಮಾರಿದ ಸೀರೆಯನ್ನು ಪುಟ ಪುಟದಲ್ಲೂ ನೋಡಿದ ಮೇಲೆ, ಅವತ್ತು ನಾನು ಹೇಳಿದ್ದು ಸುಳ್ಳು ಅಂದೆ.

"ಗೊತ್ತು ಬಿಡವ್ವ" ಅಂದರು ಅವರು. "ನನ್ನ ಕಿವಿಗೆ ಬೀಳ್ದೇ ಇರ್ತೈತಾ? ನೀನು ನಕ್ಯಲ್ಲ, ಮುಚ್ಕಳಾಕೆ ನೋಡ್ತಾ ಇದ್ದಾಳೆ, ಮುಚ್ಕಳ್ಲಿ ಅಂತ ಸುಮ್ನಾದೆ."

"ಹಂಗಾದ್ರೆ ಬಂದು ಹೇಳ್ತೀರಾ ಅಕ್ಕಾ?"

ಅವರು ಆಲ್ಬಮ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಮನೆಯಲ್ಲಿ ಗಂಡಸರು ಕಚೇರಿ ಗಿಚೇರಿ ಅಂದರೆ ಒಪ್ಪುವುದಿಲ್ಲ, ಮಗನಿಗೂ ಹೆಣ್ಣು ನೋಡುತ್ತಿದ್ದೇವೆ, ಈಗ ಯಾರ ಜೊತೆಗೂ ವೈಮನಸ್ಯ ಬೇಡ ಅಂತ ಹೇಳಿ, ನನ್ನ ಕೈಯಲ್ಲಿ ಒಂದು ಬ್ಲೌಸ್ ಪೀಸ್ ಇಟ್ಟು ಕುಂಕುಮ ಕೊಟ್ಟರು. ವಾಪಸು ಬರುವಾಗ ಆ ಬ್ಲೌಸ್ ಪೀಸನ್ನು ಕಿಟಕಿಯಿಂದ ಎಸೆಯೋಣ ಅನ್ನುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ, ಬಟ್ಟೆ ಚೆನ್ನಾಗಿತ್ತು.

ನ್ಯಾಮತಿಯಲ್ಲಿ ಇನ್ನೂ ಕೆಟ್ಟದಾಯಿತು. ಭಾವ ಅಂಗಡಿಯಲ್ಲಿದ್ದರು, ಅಕ್ಕನೂ ಅಲ್ಲೇ ಇದ್ದಳು. ಭಾವ ನನ್ನ ಮಾತು ಪೂರ್ತಿ ಕೇಳಿ, ತಮ್ಮ ಹಿಂದಿನ ಕಪಾಟುಗಳ ಕಡೆ ಕೈ ತೋರಿಸಿದರು. "ಇದ್ರಲ್ಲಿ ಅರ್ಧ ಮಾಲು ಅವರ್ದೇ. ನಾನು ಹೋಗಿ ಅವರ ಎದುರು ನಿಂತ್ರೆ ನಾಳೆ ಈ ಕಪಾಟು ಖಾಲಿ. ನೀನೇ ಹೇಳು, ನಾನು ಏನು ಮಾಡ್ಲಿ?" ಅಂದರು. ಮಾಲು ತರಲು ಹೋದಾಗ ಭಾವ ಅಲ್ಲಿ ನನ್ನ ಕಥೆ ಹೇಳಿದ್ದರಂತೆ, ಅಷ್ಟಕ್ಕೇ ಸಾವ್ಕಾರ್ರು ಅವರನ್ನು ಒಂದು ಮಾತೂ ಕೇಳದೆ ಹೆಸರು ಬರೆದಿದ್ದರಂತೆ, ಅದೊಂದು ಗೊತ್ತಾಯಿತು. ಅಕ್ಕ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, "ನಂಗೂ ಸುಳ್ಳು ಹೇಳಿದ್ಯಲ್ಲೇ. ನಮ್ಮ ಅತ್ತೆ ಮುಂದೆ ನಿನ್ನನ್ನ ಎಷ್ಟು ಹೊಗಳಿಕೊಂಡೆ ಗೊತ್ತಾ" ಅಂದಳು. ನನಗೂ ರೇಗಿತು. "ನಿನ್ನ ಅತ್ತೆ ಮುಂದೆ ಹೊಗಳಾಕೆ ನಾನು ಕೆಲಸ ಕಳ್ಕಂಡಿದ್ದಲ್ಲ" ಅಂದು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲಾಗದೆ ಮುಂದಿನ ಸ್ಟಾಪಿನ ತನಕ ನಡೆದೆ. ಬಸ್ಸು ನನ್ನನ್ನು ದಾಟಿಕೊಂಡು ಹೋಯಿತು, ಕೈ ಅಡ್ಡ ಹಾಕಿದರೂ ನಿಲ್ಲಿಸಲಿಲ್ಲ. ಇನ್ನೊಂದು ಬಸ್ಸಿಗೆ ಒಂದು ಗಂಟೆ ಕಾದೆ.

ಜಗಳೂರಿಗೆ ಹೋಗುವುದನ್ನು ಎರಡು ವಾರ ಮುಂದೂಡಿದೆ. ಇವತ್ತು ಬಟ್ಟೆ ಒಗೆಯುವುದಿದೆ, ನಾಳೆ ಅಮಾವಾಸ್ಯೆ, ನಾಡಿದ್ದು ಮಗಳಿಗೆ ಪರೀಕ್ಷೆ. ಅಪ್ಪನ ಫೋನ್ ದಿನವೂ ಬರುತ್ತಿತ್ತು, ನಾನು ದಿನವೂ ಚೆನ್ನಾಗಿದ್ದೀನಿ ಅನ್ನುತ್ತಿದ್ದೆ. ಕಚೇರಿಯ ಮುಂದಿನ ತಾರೀಖಿಗೆ ನಾಲ್ಕು ದಿನ ಇರುವಾಗ ಇನ್ನು ತಪ್ಪಿಸಿಕೊಳ್ಳಲು ನೆವ ಉಳಿಯಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರಿನಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ.

ಅಪ್ಪ ಅಂಗಡಿಯ ಮುಂದೆ ಕೂತು ಪಂಕ್ಚರ್ ನೋಡುತ್ತಿದ್ದರು. ಟ್ಯೂಬಿಗೆ ಗಾಳಿ ಹೊಡೆದು, ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದರು. ನಾನು ಎದುರಿಗೆ ಕಲ್ಲಿನ ಮೇಲೆ ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟೆ. ನನ್ನನ್ನು ತೆಗೆದರು, ಎಲ್ಲರೆದುರಿಗೆ ತೆಗೆದರು, ನಾನು ನಿಮಗೆ ಸುಳ್ಳು ಹೇಳಿದೆ, ಈಗ ಅದೇ ಸುಳ್ಳನ್ನು ಹಿಡಿದು ಅವರು ನಿಮ್ಮ ಹೆಸರು ಬರೆದಿದ್ದಾರೆ.

ಅಪ್ಪ ತಲೆ ಎತ್ತಲಿಲ್ಲ. ಗುಳ್ಳೆ ಸಿಕ್ಕಿತು. ಅಲ್ಲಿ ಗುರುತು ಮಾಡಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಆರುವ ತನಕ ಊದುತ್ತಾ ಕೂತರು.

"ನಾನು ಎಷ್ಟು ಜನದ ಮುಂದೆ ಹೇಳ್ಕಂಡು ತಿರುಗೀನಿ ಗೊತ್ತಾ ನಿಂಗೆ?" ಅಂದರು ಕೊನೆಗೆ.

"ಗೊತ್ತಿಲ್ಲ ಅಪ್ಪ."

"ಈ ಬೀದಿಲಿ ಕೇಳು. ಯಾರನ್ನ ಬೇಕಾದ್ರೂ ಕೇಳು."

ಅಷ್ಟೇ. ಆಮೇಲೆ ಎಸ್ಸೆಸ್ಸೆಲ್ಸಿಯ ಆ ತಿಂಗಳ ಮೌನವೇ ಮತ್ತೆ ಬಂತು. ನಾನು ತಾರೀಖು ಹೇಳಿದೆ, ಕಚೇರಿ ಎಲ್ಲಿದೆ ಅಂತ ಹೇಳಿದೆ. ಬರ್ತೀನಿ ಅನ್ನಲಿಲ್ಲ, ಬರೋದಿಲ್ಲ ಅನ್ನಲಿಲ್ಲ. ಅವ್ವ ಊಟಕ್ಕೆ ಕರೆದಳು, ಅಪ್ಪ ಬರಲಿಲ್ಲ. ಸಂಜೆಯ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ನಲವತ್ನಾಲ್ಕು ವರ್ಷದ ಹೆಂಗಸು ನಾನು, ಮಗಳು ಕಾಲೇಜಿಗೆ ಹೋಗುತ್ತಾಳೆ, ಇನ್ನೂ ಈ ಮನುಷ್ಯನ ಭೇಷ್‌ಗೆ ಬಾಯಿ ಬಿಡುತ್ತಿದ್ದೇನಲ್ಲ ಅಂತ. ಅವತ್ತಿನಿಂದ ಅವರ ಫೋನೂ ನಿಂತಿತು.

ತಾರೀಖಿನ ದಿನ ವಕೀಲರ ಜೊತೆ ದಾವಣಗೆರೆಗೆ ಹೋದೆ. ಸಾಕ್ಷಿ ಯಾರೂ ಇಲ್ಲ ಅಂತ ಬಸ್ಸಿನಲ್ಲೇ ಹೇಳಿದ್ದೆ. ಅವರು "ನೋಡೋಣ" ಅಂದಿದ್ದರು, ಆದರೆ ಅವರಿಗೂ ನೋಡುವುದಕ್ಕೆ ಏನೂ ಇರಲಿಲ್ಲ. ಕಚೇರಿಯ ಮೆಟ್ಟಿಲು ಹತ್ತಿದರೆ, ವರಾಂಡದ ಬೆಂಚಿನ ತುದಿಯಲ್ಲಿ ಅಪ್ಪ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಉಗುರಿನ ಸಂದಿಯ ಗ್ರೀಸ್ ಮಾತ್ರ ಹೋಗಿರಲಿಲ್ಲ. ನನ್ನನ್ನು ನೋಡಿ ಸ್ವಲ್ಪ ಸರಿದು ಕೂತರು. ಯಾವ ಬಸ್ಸಿಗೆ ಬಂದ್ರಿ ಅಂತ ಕೇಳಿದೆ. ಮೊದಲನೇದು ಅಂದರು.

ಬೆಂಚಿನ ಇನ್ನೊಂದು ತುದಿಗೆ ಸಾವ್ಕಾರ್ರು ಬಂದು ಕೂತರು. ಅಪ್ಪನಿಗೆ ನಮಸ್ಕಾರ ಮಾಡಿದರು. ಅವರ ಮುಖದಲ್ಲಿ ನೆಮ್ಮದಿ ಇತ್ತು, ತಮ್ಮ ಸಾಕ್ಷಿ ತಾನಾಗಿಯೇ ನಡೆದು ಬಂದಿದೆ ಅಂದುಕೊಂಡಿರಬೇಕು. ನನಗೂ ಒಂದು ಕ್ಷಣ ಅದೇ ಹೆದರಿಕೆಯಾಯಿತು. ಬೀದಿಯ ಮುಂದೆ ಆಡಿದ ಮಾತನ್ನು ಉಳಿಸಿಕೊಳ್ಳಲು ಬಂದಿದ್ದಾರೋ ಏನೋ, ನಮ್ಮಪ್ಪನನ್ನು ನಂಬುವ ಹಾಗಿಲ್ಲ.

ಒಳಗೆ ಅಧಿಕಾರಿ ಅಪ್ಪನನ್ನು ಕೂರಲು ಹೇಳಿದರು. ಅಪ್ಪ ನಿಂತೇ ಇದ್ದರು.

"ಇವರಿಗೆ ನೀವು ಮದುವೆ ಮನೇಲಿ ನನ್ನ ಮಗಳೇ ಕೆಲಸ ಬಿಟ್ಟಳು ಅಂತ ಹೇಳಿದ್ದು ನಿಜವೇ?"

"ನಿಜ ಸಾಹೇಬ್ರೇ. ಹತ್ತು ಜನರ ಮುಂದೆ ಎದೆ ಉಬ್ಬಿಸ್ಕಂಡು ಹೇಳೀನಿ."

ಸಾವ್ಕಾರ್ರು ತಲೆ ಆಡಿಸಿದರು. ನಾನು ನೆಲ ನೋಡಿದೆ.

"ಆದ್ರೆ ಆ ಮಾತು ಸುಳ್ಳು" ಅಂದರು ಅಪ್ಪ. "ಇವರೇ ಬಿಡಿಸಿದ್ದು. ನನ್ ಮಗ್ಳು ನಂಗೆ ಸುಳ್ಳು ಹೇಳಿದ್ಲು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ತಂದೆಗೆ ಯಾಕೆ ಸುಳ್ಳು ಹೇಳ್ತಾರೆ?"

"ನಂಗೆ ಹೆದರಿ" ಅಂದರು ಅಪ್ಪ. ಅಷ್ಟು ಹೇಳಿ ಹೆಗಲಿನ ಟವೆಲನ್ನು ಕೈಗೆ ತಗೊಂಡು ಹಿಂಡತೊಡಗಿದರು, ಅದು ಒದ್ದೆ ಇದೆ ಅನ್ನುವ ಹಾಗೆ. "ಸೋತು ಬಂದೋರನ್ನ ನಾನು ಯಾವತ್ತೂ ಬಾ ಕೂತ್ಕೋ ಅಂದೋನಲ್ಲ ಸಾಹೇಬ್ರೇ. ಅದು ಅವ್ಳಿಗೆ ಚಿಕ್ಕೋಳಿದ್ದಾಗಿಂದ ಗೊತ್ತೈತೆ. ಹಿಂಗಾಗಿ ಗೆದ್ದು ಬಂದೀನಿ ಅಂತ ಹೇಳಿದ್ಲು. ತಪ್ಪು ಅವ್ಳದಲ್ಲ, ಇವರದು. ಇವರದಾದ ಮೇಲೆ ನಂದು. ಬರ್ಕಳ್ರಿ."

ಎಪ್ಪತ್ತೆರಡು ವರ್ಷದ ಆ ಮನುಷ್ಯ ಯಾರ ಎದುರಿಗೂ ತಪ್ಪು ನಂದು ಅಂದಿದ್ದನ್ನು ನಾನು ಕೇಳಿರಲಿಲ್ಲ, ಅವ್ವನೂ ಕೇಳಿರಲಿಕ್ಕಿಲ್ಲ. ಗುಮಾಸ್ತರು ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದಿ ಹೇಳಿದರು. ಕಚೇರಿಯ ಕನ್ನಡದಲ್ಲಿ "ಸದರಿ ನನ್ನ ಮಗಳು ನನಗೆ ಸುಳ್ಳು ಹೇಳಿರುತ್ತಾಳೆ" ಅಂತ ಬಂದಾಗ ಅಪ್ಪನ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು. ಸಹಿ ಹಾಕಿದರು.

ಅಧಿಕಾರಿ ಸಾವ್ಕಾರ್ರ ಕಡೆ ತಿರುಗಿ, ನೀವು ಬರೆದ ಸಾಕ್ಷಿಯೇ ಹೀಗೆ ಹೇಳಿದ ಮೇಲೆ ಏನಂತೀರಿ ಅಂದರು. ಸಾವ್ಕಾರ್ರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ಬಂದವರು ನನ್ನ ಮುಖ ನೋಡಲಿಲ್ಲ, ಅಪ್ಪನ ಮುಖ ನೋಡಿದರು. "ಸೋಮವಾರದಿಂದ ಬರ್ಲಿ" ಅಂದರು. ವಕೀಲರು ಬಾಯಿ ಮಾತು ಆಗೋದಿಲ್ಲ, ಹಳೇ ಸರ್ವಿಸ್ ಮುಂದುವರಿಸಿ ಅಂತ ಬರೆದು ಕೊಡ್ರಿ ಅಂತ ಪಟ್ಟು ಹಿಡಿದರು. ಬರೆದರು. ಹನ್ನೊಂದು ವರ್ಷದಲ್ಲಿ ಅಂಗಡಿಯಿಂದ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ವಕೀಲರು ಅದರ ಝೆರಾಕ್ಸ್ ಮಾಡಿಸಿ ಕೊಟ್ಟು, ಬೇರೆ ಕೇಸು ಇದೆ ಅಂತ ಓಡಿದರು. ಅವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಅಪ್ಪನೂ ನಾನೂ ಬಸ್ ಸ್ಟ್ಯಾಂಡಿಗೆ ನಡೆದೆವು. ಜಗಳೂರಿನ ಬಸ್ಸು ನಿಂತಿತ್ತು. ಅಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದರು.

"ಸೋಮವಾರ ಹೋಗ್ತೀಯ?"

"ಹೋಗ್ತೀನಿ."

"ಮತ್ತೆ ಬಿಡಿಸಿದ್ರೆ?"

"ಮತ್ತೆ ಇಲ್ಲಿಗೇ ಬರ್ತೀನಿ."

"ಇಲ್ಲಿಗೆ ಆಮೇಲೆ ಬಾ. ಮೊದ್ಲು ನಂಗೆ ಫೋನ್ ಮಾಡು" ಅಂದರು. ಬೇರೆ ಕಡೆ ನೋಡುತ್ತಾ ಅಂದರು. "ಮುಖ ಗಿಖ ತೊಳ್ಕಂಡು ಮಾಡಬ್ಯಾಡ. ಅಳು ಬಂದ್ರೆ ಅಳ್ತಾನೇ ಮಾಡು."

ಹತ್ತಿ ಕೂತರು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟಿನ ಕಡೆ ಹೊರಟಿತು. ಕೆಲಸ ಹೋದ ದಿನ ನಾನು ಮುಖ ತೊಳೆದು ಫೋನ್ ಮಾಡಿದ್ದು ಇವರಿಗೆ ಹೇಗೆ ಗೊತ್ತಾಯಿತು ಅಂತ ಯೋಚಿಸುತ್ತಾ ನಿಂತವಳಿಗೆ, ಎಂಟು ತಿಂಗಳಿಂದ ಎಲ್ಲೋ ತಡೆದು ನಿಂತಿದ್ದದ್ದು ಅಲ್ಲೇ, ಅಷ್ಟು ಜನರ ನಡುವೆ, ಬಂದುಬಿಟ್ಟಿತು. ಬಸ್ಸು ಇನ್ನೂ ಗೇಟು ದಾಟಿರಲಿಲ್ಲ. ಫೋನ್ ತೆಗೆದು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಹೇಳವ್ವ" ಅಂದರು.

ನನ್ನ ಬಾಯಿಂದ ಮಾತು ಬರಲಿಲ್ಲ, ಬರೀ ಅಳು. ಕಂಡಕ್ಟರ್ ಅವರಿಗೆ ಟಿಕೆಟ್ ಕೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅಪ್ಪ ಫೋನ್ ಇಡಲಿಲ್ಲ.